ರಿಮಿನಿ ಪಟ್ಟಣವೂ ಅದರ ಕಡಲ ದಂಡೆಯೂ

ಇಟಲಿ ದೇಶದ ಹೆಸರನ್ನೆತ್ತಿದೊಡನೆ ರೋಮ್ ನಗರದ ಅವಶೇಷಗಳೂ, ವೆನಿಸ್ಸಿನ ನೀರುಬೀದಿಗಳೂ, ಫ್ಲಾರೆನ್ಸಿನ ಚಿತ್ರಶಾಲೆಗಳೂ ವಿದ್ಯಾವಂತರಾದ ನಮ್ಮ ಶ್ರೋತೃಗಳ ಮನಸ್ಸಿಗೆ ಹೊಳೆಯುವುದು ಸಹಜವಾಗಿದೆ. ಈ ದಿನ ನಾವು ಆ ಮಹಾನಗರಗಳನ್ನು ಬಿಟ್ಟು, ಆ ದೇಶದ ಮೂಡಣ ಕರಾವಳಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ತಡಿಯಲ್ಲಿರುವ ರಿಮಿನಿ ಎಂಬ ಪಟ್ಟಣದ ವೃತ್ತಾಂತವನ್ನು ಹೇಳಬೇಕೆಂದಿರುವೆವು. ಯೂರೋಪಿನ ಸಾಮಾನ್ಯ ಜನರಿಗೆ ರಿಮಿನಿಯೆಂದರೆ ಬೇಸಗೆಯ ರಜೆ ಎಂದೇ ಅರ್ಥ. ಸುಮಾರು 15 ಕಿಲೋಮೀಟರು ಉದ್ದದ ನುಣುಪಾದ ಮರಳು, ಅದರ ಮೇಲೆ ಸಾಲುಗಟ್ಟಿ ನೆಟ್ಟ ಬಣ್ಣದ ಕೊಡೆಗಳು, ಆಳವಿಲ್ಲದ ಬೆಚ್ಚನೆಯ ನೀರು, ಹಿಂದುಗಡೆ ಒಂದಕ್ಕೊಂದು ಒತ್ತಿಕೊಂಡು ನಿಂತ ಸಾವಿರಕ್ಕೂ ಮಿಕ್ಕ ಹೋಟೆಲುಗಳು. ಇಂತಹ ಊರನ್ನು ಕುರಿತು ಚರಿತ್ರೆಯ ಭಾಷಣವನ್ನು ಮಾಡುವುದು ಉಚಿತವೆ ಎಂದು ಕೆಲವರು ಕೇಳಬಹುದು. ಕೇಳಲಿ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ನಮ್ಮ ಇಂದಿನ ಉದ್ದೇಶ.

ರಿಮಿನಿಯಲ್ಲಿ ಎರಡು ಊರುಗಳಿವೆ. ಒಂದು ಕಲ್ಲಿನ ಊರು. ಅದು ಸಮುದ್ರದಿಂದ ಒಂದು ಮೈಲಿಯಷ್ಟು ಒಳಗೆ ಇರುವ ಪ್ರಾಚೀನ ಪಟ್ಟಣ. ಮತ್ತೊಂದು ಮರಳಿನ ಊರು. ಇದು ಕಡಲ ಅಂಚಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದದ್ದು. ಇವೆರಡರ ನಡುವೆ ರೈಲುದಾರಿ ಗೆರೆ ಎಳೆದಂತೆ ಹಾದುಹೋಗಿದೆ. ಕಲ್ಲಿನ ಊರಿನವರು ಮರಳಿನ ಊರನ್ನು ಬಹುಕಾಲ ಬೇಸಗೆಯ ಆಟಿಕೆಯೆಂದೇ ಎಣಿಸುತ್ತಿದ್ದರು. ಆ ಆಟಿಕೆಯೇ ಒಮ್ಮೆ ಕಲ್ಲಿನ ಊರಿನ ಪ್ರಾಣವನ್ನು ಉಳಿಸಬೇಕಾಯಿತು. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ರೋಮನರು ಕ್ರಿ.ಪೂ. 268ರಲ್ಲಿ ಈ ಸ್ಥಳದಲ್ಲಿ ಅರಿಮಿನುಂ ಎಂಬ ವಲಸೆಯನ್ನು ಸ್ಥಾಪಿಸಿದರು. ಉತ್ತರದ ವಿಶಾಲವಾದ ಬಯಲಿಗೆ ಇದು ಹೆಬ್ಬಾಗಿಲಿನಂತಿದ್ದಿತು. ರೋಮಿನಿಂದ ಹೊರಟ ಫ್ಲಾಮೀನಿಯಾ ರಾಜಮಾರ್ಗವು ಕ್ರಿ.ಪೂ. 220ರಲ್ಲಿ ಇಲ್ಲಿಗೆ ಬಂದು ಮುಟ್ಟಿತು, ಕ್ರಿ.ಪೂ. 187ರಲ್ಲಿ ಇಲ್ಲಿಂದಲೇ ಎಮೀಲಿಯಾ ರಾಜಮಾರ್ಗವು ವಾಯವ್ಯದ ಕಡೆಗೆ ಹೊರಟಿತು. ಆ ಪ್ರಾಂತಕ್ಕೆ ಇಂದಿಗೂ ಎಮೀಲಿಯಾ ಎಂಬ ಹೆಸರು ಉಳಿದಿರುವುದು ಆ ದಾರಿಯಿಂದಲೇ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರನು ರೂಬಿಕಾನ್ ಹೊಳೆಯನ್ನು ದಾಟಿ, ಸೇನೆಯೊಡನೆ ಮೊಟ್ಟಮೊದಲು ಹೊಕ್ಕ ಪಟ್ಟಣವೂ ಇದೇ. ಅಗಸ್ಟಸ್ ಚಕ್ರವರ್ತಿಯ ಗೌರವಾರ್ಥವಾಗಿ ಕ್ರಿ.ಪೂ. 27ರಲ್ಲಿ ಎತ್ತಿದ ಕಮಾನು ಪಟ್ಟಣದ ದಕ್ಷಿಣದ ತುದಿಯಲ್ಲಿ ಈಗಲೂ ನಿಂತಿದೆ. ಉತ್ತರದ ತುದಿಯಲ್ಲಿ ಮರೆಕ್ಕಿಯಾ ನದಿಗೆ ಕಟ್ಟಿದ ಐದು ಕಣ್ಣುಗಳ ಸೇತುವೆಯಿದೆ. ಅದನ್ನು ಕ್ರಿ.ಶ. 14ರಲ್ಲಿ ಅಗಸ್ಟಸನು ಆರಂಭಿಸಿದನು, 21ರಲ್ಲಿ ಟೈಬೀರಿಯಸನು ಪೂರೈಸಿದನು. ಎರಡು ಸಾವಿರ ವರ್ಷಗಳ ಬಳಿಕ, ಇತ್ತೀಚಿನವರೆಗೂ, ಮೋಟಾರು ಗಾಡಿಗಳು ಅದರ ಮೇಲೆ ಓಡಾಡುತ್ತಿದ್ದವು.

ಪಟ್ಟಣದ ಪ್ರಾಚೀನತೆಗೆ ಸಾಕ್ಷಿಯಾಗಿ ಇನ್ನೊಂದು ಸಂಗತಿಯನ್ನು ಹೇಳಿ ಮುಂದೆ ಸಾಗುವೆವು. 1989ರಲ್ಲಿ ಊರ ನಡುವೆ ಉತ್ಖನನವು ಆರಂಭವಾದಾಗ ಮೂರನೆಯ ಶತಮಾನದಲ್ಲಿ ಬೆಂಕಿಗೆ ಸಿಕ್ಕಿ ಕುಸಿದ ಒಂದು ಮನೆ ಹೊರಬಿದ್ದಿತು. ಅದು ವೈದ್ಯನೊಬ್ಬನ ಮನೆ. ಅದರ ಬೂದಿಯ ನಡುವೆ ಚೂರಿ, ಚಿಮುಟ, ಸಲಾಕೆ ಮೊದಲಾದ ಸುಮಾರು 150 ಶಸ್ತ್ರಚಿಕಿತ್ಸೆಯ ಉಪಕರಣಗಳು ದೊರೆತವು. ಬೆಂಕಿಯಲ್ಲಿ ಮನೆ ನಾಶವಾದದ್ದರಿಂದಲೇ ಈ ಉಪಕರಣಗಳು ಚದುರಿಹೋಗದೆ ನಮಗೆ ಉಳಿದುಬಂದುವು. ರಿಮಿನಿಯ ಕಥೆಯಲ್ಲಿ ವೈದ್ಯರು ಮತ್ತೆಯೂ ಕಾಣಿಸಿಕೊಳ್ಳುವರು. ಆದುದರಿಂದ ಈ ಮನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು.

ಮಧ್ಯಯುಗದಲ್ಲಿ ಈ ಪಟ್ಟಣವು ಮಲಾತೆಸ್ತಾ ಎಂಬ ಮನೆತನದ ವಶವಾಯಿತು. ಡಾಂಟೆ ಮಹಾಕವಿಯ ನರಕವರ್ಣನೆಯಲ್ಲಿ ಬಿರುಗಾಳಿಗೆ ಸಿಕ್ಕಿ ಅಲೆಯುವ ಪ್ರಣಯಿಗಳಾದ ಪಾವೊಲೊ ಮತ್ತು ಫ್ರಾಂಚೆಸ್ಕಾ ಈ ಮನೆತನಕ್ಕೆ ಸೇರಿದವರೇ. ಆ ವಂಶದಲ್ಲಿ ಅತ್ಯಂತ ಪ್ರಸಿದ್ಧನಾದ ಸಿಗಿಸ್ಮೊಂಡೊ ಮಲಾತೆಸ್ತಾ (1417-1468) ಯುದ್ಧದಲ್ಲಿ ಕ್ರೂರಿ, ಕಲೆಯಲ್ಲಿ ರಸಿಕ. ಆತನು ಲಿಯಾನ್ ಬಟಿಸ್ಟಾ ಆಲ್ಬರ್ಟಿ ಎಂಬ ಮಹಾಶಿಲ್ಪಿಯನ್ನು ಕರೆಯಿಸಿ, ಹಳೆಯ ದೇವಾಲಯವೊಂದಕ್ಕೆ ಅಮೃತಶಿಲೆಯ ಹೊಸ ಮೈಯನ್ನು ತೊಡಿಸತೊಡಗಿದನು. ಅಷ್ಟರಲ್ಲಿ ಪೋಪ್ 2ನೆಯ ಪಿಯಸನ ಕೋಪಕ್ಕೆ ಗುರಿಯಾಗಿ, ಧರ್ಮದಿಂದ ಬಹಿಷ್ಕೃತನಾಗಿ, ಬಹುಮಟ್ಟಿಗೆ ರಾಜ್ಯವನ್ನೂ ಕಳೆದುಕೊಂಡನು. ದೇವಾಲಯದ ಮುಮ್ಮೈ ಅರ್ಧಕ್ಕೇ ನಿಂತುಹೋಯಿತು. ಅರ್ಧವಾಗಿಯೇ ಇಂದಿಗೂ ಇದೆ. 1509ರಿಂದ ಮುಂದೆ ರಿಮಿನಿಯು ಪೋಪರ ರಾಜ್ಯಕ್ಕೆ ಸೇರಿದ ಒಂದು ಸಾಮಾನ್ಯ ಊರಾಗಿ, ಬೆಳೆ ಬಂದರೆ ಉಂಡು, ಬಾರದಿದ್ದರೆ ಹಸಿದು ದಿನಗಳನ್ನು ನೂಕಿತು. 1672ರಲ್ಲಿಯೂ 1786ರಲ್ಲಿಯೂ ಭೂಕಂಪಗಳಾಗಿ ಅನೇಕ ಕಟ್ಟಡಗಳು ಉರುಳಿದವು.

ಈ ದೀರ್ಘಕಾಲದಲ್ಲಿ ಸಮುದ್ರದೊಡನೆ ಪಟ್ಟಣದ ಸಂಬಂಧವೆಂತಹುದು? ಬಂದರು ಇದ್ದಿತು, ಬೆಸ್ತರು ಇದ್ದರು. ನದಿಯ ಆಚೆಯ ಸಾನ್ ಜೂಲಿಯಾನೊ ಎಂಬ ಕೇರಿ ಅವರದೇ. ಆದರೆ ಮರಳುದಂಡೆ ಮಾತ್ರ ಯಾರಿಗೂ ಬೇಡವಾದ ಭೂಮಿಯಾಗಿದ್ದಿತು. ನದಿಗಳು ತಂದು ಸುರಿದ ಹೂಳಿನಿಂದ ಸಮುದ್ರವು ಶತಮಾನಗಳುದ್ದಕ್ಕೂ ಹಿಂದೆ ಸರಿದು, ಅದು ಬಿಟ್ಟುಹೋದ ನೆಲವು ದಿಬ್ಬಗಳೂ ಜೌಗೂ ಆಗಿ ಬಿದ್ದಿದ್ದಿತು. ಅಲ್ಲಿ ಉಳುವಂತಿಲ್ಲ, ಬಿತ್ತುವಂತಿಲ್ಲ. ಇರುಳು ತಂಗಿದರೆ ಮಲೇರಿಯಾದ ಭಯ. ಹಿಂದಿನ ಕಾಲದಲ್ಲಿ ಕಡಲ್ಗಳ್ಳರ ಭಯವೂ ಇದ್ದಿತು. ಅವರನ್ನು ಕಾಯುವುದಕ್ಕಾಗಿ ಪೋಪರ ಆಳಿಕೆಯಲ್ಲಿ ಈ ಕರಾವಳಿಯುದ್ದಕ್ಕೂ ಬುರುಜುಗಳನ್ನು ಕಟ್ಟಿಸಿದ್ದರು; ನೆರೆಯ ಬೆಲ್ಲಾರಿಯಾದಲ್ಲಿ ಅಂತಹದೊಂದು ಈಗಲೂ ಇದೆ. ಹೀಗಿರುವಾಗ ಸುಖಕ್ಕಾಗಿ ಕಡಲ ದಡಕ್ಕೆ ಹೋಗುವೆನೆಂದು ಒಬ್ಬನು ಹೇಳಿದ್ದರೆ ನೆರೆಹೊರೆಯವರು ಅವನ ಬುದ್ಧಿಯನ್ನೇ ಶಂಕಿಸುತ್ತಿದ್ದರು.

ಈ ಭಾವನೆಯನ್ನು ಬದಲಾಯಿಸಿದವರು ವೈದ್ಯರು. ಹದಿನೆಂಟನೆಯ ಶತಮಾನದ ನಡುವೆ ಇಂಗ್ಲೆಂಡಿನ ರಿಚರ್ಡ್ ರಸಲ್ ಎಂಬ ವೈದ್ಯನು ಸಮುದ್ರದ ನೀರು ಗಂಟಲಮಾಲೆಯೇ ಮೊದಲಾದ ಗ್ರಂಥಿರೋಗಗಳಿಗೆ ಮದ್ದೆಂದು ಒಂದು ಗ್ರಂಥವನ್ನು ಬರೆದನು. ಶ್ರೀಮಂತರು ಬ್ರೈಟನ್ ಮುಂತಾದ ಊರುಗಳಿಗೆ ಹೋಗಿ ಚಳಿಯಲ್ಲಿ ನಡುಗುತ್ತಾ ನೀರಿಗಿಳಿದರು. ಸಮುದ್ರದ ನೀರನ್ನು ಕುಡಿದವರೂ ಉಂಟು. ಈ ಪದ್ಧತಿಯು ಮೆಲ್ಲಮೆಲ್ಲನೆ ಫ್ರಾನ್ಸ್, ಜರ್ಮನಿಗಳ ಕರಾವಳಿಗೂ, ಕಡೆಗೆ ಇಟಲಿಗೂ ಹಬ್ಬಿತು.

ರಿಮಿನಿಯಲ್ಲಿ ಇದಕ್ಕೆ ಮೊದಲಿಟ್ಟವರು ಅಲೆಸ್ಸಾಂಡ್ರೊ ಮತ್ತು ರುಜ್ಜೆರೊ ಬಾಲ್ದಿನಿ ಎಂಬ ಇಬ್ಬರು ಕೌಂಟರೂ, ಕ್ಲಾಡಿಯೊ ತಿಂತೋರಿ ಎಂಬ ವೈದ್ಯರೂ. ಅವರು ಪೋಪರ ಸರ್ಕಾರದಿಂದ ಅನುಜ್ಞೆಯನ್ನು ಪಡೆದು, 1843ನೆಯ ಇಸವಿ ಜುಲೈ 30ರಂದು ಸಮುದ್ರಸ್ನಾನಶಾಲೆಯೊಂದನ್ನು ತೆರೆದರು. ಇಂದಿನ ವೈಭವವನ್ನು ಬಲ್ಲವರಿಗೆ ಅಂದಿನ ಏರ್ಪಾಡು ನಗೆಯನ್ನು ತರುವಂತಹದು. ನೀರಿನಲ್ಲಿ ಕಂಬಗಳನ್ನು ನೆಟ್ಟು, ಮೇಲೆ ಹಲಗೆಯ ಜಗಲಿಯನ್ನು ಹಾಸಿ, ಅದರ ಮೇಲೆ ಕೆಲವು ಮರದ ಕೋಣೆಗಳನ್ನು ಕಟ್ಟಿದ್ದರು. ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಏರ್ಪಾಡು. ಸ್ನಾನಾರ್ಥಿಯು ಪಟ್ಟಣದಿಂದ ಕುದುರೆಗಾಡಿಯಲ್ಲಿ ಬಂದು, ಕೋಣೆಯೊಳಗೆ ಉಡುಪನ್ನು ಬದಲಾಯಿಸಿ, ಮೆಟ್ಟಿಲುಗಳ ಮೂಲಕ ನೀರಿಗಿಳಿಯಬೇಕು. ಆ ಕಾಲದ ಸಮುದ್ರಸ್ನಾನವೆಂದರೆ ವಿನೋದವಲ್ಲ, ಔಷಧ. ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ನಿಮಿಷ ಎಂಬುದನ್ನು ವೈದ್ಯನು ಗೊತ್ತುಮಾಡುತ್ತಿದ್ದನು. ಬಿಸಿಲಿಗೆ ಮೈಯೊಡ್ಡುವ ಮಾತಂತೂ ಯಾರ ಮನಸ್ಸಿಗೂ ಬಂದಿರಲಿಲ್ಲ. ಬಿಸಿಲಿನಲ್ಲಿ ಕಂದಿದ ಮೈ ಹೊಲದ ಆಳಿನ ಗುರುತು. ದೊಡ್ಡಮನೆಯ ಹೆಂಗಸರು ಕೊಡೆಯ ನೆರಳನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

1861ರಲ್ಲಿ ಎರಡು ಸಂಗತಿಗಳು ನಡೆದವು. ಇಟಲಿಯು ಒಂದು ರಾಜ್ಯವಾಯಿತು. ಬೊಲೋನ್ಯದಿಂದ ಆಂಕೋನಾಕ್ಕೆ ಹೋಗುವ ರೈಲುದಾರಿ ರಿಮಿನಿಯ ಮೂಲಕ ತೆರೆಯಿತು. ಮೊದಲನೆಯದು ಪಟ್ಟಣದ ಧ್ವಜವನ್ನು ಬದಲಾಯಿಸಿತು, ಎರಡನೆಯದು ಅದರ ಬಾಳನ್ನೇ ಬದಲಾಯಿಸಿತು. ಒಳನಾಡಿನ ಕುಟುಂಬಗಳು ಕೆಲವೇ ಗಂಟೆಗಳಲ್ಲಿ ಕಡಲನ್ನು ತಲಪುವುದು ಸಾಧ್ಯವಾಯಿತು. ಪಟ್ಟಣದ ಪೌರಸಭೆಯು ಸ್ನಾನಶಾಲೆಯನ್ನು ತಾನೇ ವಹಿಸಿಕೊಂಡು, 1873ರಲ್ಲಿ ಕುರ್ಸಾಲ್ ಎಂಬ ಭವ್ಯವಾದ ವಿನೋದಮಂದಿರವನ್ನು ದಡದಲ್ಲಿ ಎಬ್ಬಿಸಿತು. ಜಲಚಿಕಿತ್ಸಾಲಯಕ್ಕೆ ಪಾವೊಲೊ ಮಾಂತೆಗಾಜ್ಜಾ ಎಂಬ ಪ್ರಖ್ಯಾತ ವೈದ್ಯವಿಜ್ಞಾನಿಯನ್ನು ನೇಮಿಸಿತು. ನೋಡುವವರಿಗೆ ಇದು ಚಿಕಿತ್ಸೆಯೇ ಹೌದು. ಆದರೆ ಚಿಕಿತ್ಸೆಯ ಪಕ್ಕದಲ್ಲಿ ಸಂಗೀತ, ನೃತ್ಯ, ಔತಣಗಳು ಬಂದು ಕುಳಿತಿದ್ದವು. ಬೀದಿಗಳನ್ನು ಅಳೆದು, ಗಿಡಗಳನ್ನು ನೆಟ್ಟು, ಹಿಂದೆ ಯಾರಿಗೂ ಬೇಡವಾಗಿದ್ದ ಮರಳುನೆಲವನ್ನು ಶ್ರೀಮಂತರಿಗೆ ಬಂಗಲೆಗಳಿಗಾಗಿ ಹಂಚಿದರು. 1908ರಲ್ಲಿ ಸ್ವಿಟ್ಜರ್ಲೆಂಡಿನ ಪಾವೊಲಿತೊ ಸೊಮಾಜ್ಜಿ ಎಂಬ ಶಿಲ್ಪಿಯ ನಕ್ಷೆಯಂತೆ ಗ್ರಾಂಡ್ ಹೋಟೆಲ್ ಎದ್ದಿತು. ಅದರ ನೆತ್ತಿಯ ಮೇಲಿದ್ದ ಎರಡು ಗುಮ್ಮಟಗಳು 1920ರ ಬೆಂಕಿಯಲ್ಲಿ ಸುಟ್ಟುಹೋದವು. ಹೋಟೆಲು ಮಾತ್ರ ಇಂದಿಗೂ ನಡೆಯುತ್ತಿದೆ.

ಅದೇ ದಡಕ್ಕೆ ಬಡವರ ಮಕ್ಕಳೂ ಬಂದರೆಂಬುದನ್ನು ಇಲ್ಲಿ ಹೇಳಬೇಕು. ಫ್ಲಾರೆನ್ಸಿನ ಜುಸೆಪ್ಪೆ ಬರೆಲ್ಲಾಯಿ ಎಂಬ ವೈದ್ಯನು ಗಂಟಲಮಾಲೆಯಿಂದ ಬಳಲುವ ನಿರ್ಗತಿಕ ಮಕ್ಕಳಿಗಾಗಿ ಕಡಲ ಆರೋಗ್ಯಧಾಮಗಳನ್ನು ಕಟ್ಟಬೇಕೆಂದು ಊರೂರು ಅಲೆದು ಧನವನ್ನು ಕೂಡಿಸಿದನು. ಅಂತಹ ಧಾಮಗಳು ರಿಮಿನಿಯ ತೀರದಲ್ಲಿಯೂ ಏರ್ಪಟ್ಟವು. ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ರೊಲಿಯರನು ಕ್ಷಯರೋಗಕ್ಕೆ ಸೂರ್ಯರಶ್ಮಿಯ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದ ಬಳಿಕ ಬಿಸಿಲು ಶತ್ರುವಿನ ಸ್ಥಾನವನ್ನು ಬಿಟ್ಟು ಮಿತ್ರನ ಸ್ಥಾನಕ್ಕೆ ಬಂದಿತು. ಮುಸೊಲಿನಿಯ ಆಳಿಕೆಯಲ್ಲಿ ಈ ದಯೆಯ ಕಾರ್ಯವು ಸರ್ಕಾರದ ಪ್ರದರ್ಶನವಾಗಿ ಮಾರ್ಪಟ್ಟಿತು. ಕಡಲಿನುದ್ದಕ್ಕೂ ಹಡಗಿನಂತೆಯೋ ಕಾರ್ಖಾನೆಯಂತೆಯೋ ಕಾಣುವ ಬೃಹತ್ತಾದ ಮಕ್ಕಳ ಶಿಬಿರಗಳು ಎದ್ದವು. ಬಾಲಕರು ಸಮವಸ್ತ್ರದಲ್ಲಿ ಸಾಲುನಿಂತು, ಕೊಳಲಿನ ಸದ್ದಿಗೆ ನೀರಿಗಿಳಿದು, ಸದ್ದಿಗೆ ಮೇಲೇರುತ್ತಿದ್ದರು. ಮಕ್ಕಳಿಗೆ ಗಾಳಿಯೂ ಬಿಸಿಲೂ ಊಟವೂ ಸಿಕ್ಕಿದ್ದು ನಿಜ. ಆ ಊಟದ ಜೊತೆಗೆ ನಾಯಕನ ಸ್ತುತಿಯನ್ನೂ ನುಂಗಬೇಕಾಗಿದ್ದುದೂ ನಿಜ. 1931ರಿಂದ ಕಡಮೆ ದರದ ಜನತಾರೈಲುಗಳು ಹೊರಟು, ಕಾರ್ಮಿಕರೂ ಗುಮಾಸ್ತರೂ ಭಾನುವಾರದ ದಿನ ಸಮುದ್ರವನ್ನು ಕಾಣುವಂತಾಯಿತು.

ಇನ್ನು ಈ ಚರಿತ್ರೆಯ ಕರಾಳವಾದ ಭಾಗಕ್ಕೆ ಬರುವೆವು. 1943ನೆಯ ಇಸವಿ ನವೆಂಬರ್ 1ರಂದು ರಿಮಿನಿಯ ಮೇಲೆ ಮೊದಲನೆಯ ವಿಮಾನದಾಳಿ ನಡೆಯಿತು. ರೈಲುದಾರಿಯೂ, ಸೇತುವೆಗಳೂ, ಬಂದರೂ ಒಂದೆಡೆ ಕೂಡಿದ್ದುದೇ ಈ ಊರಿಗೆ ಶಾಪವಾಯಿತು. ಬೆಟ್ಟಗಳಿಂದ ಸಮುದ್ರದವರೆಗೆ ಜರ್ಮನರು ಹೂಡಿದ್ದ ಗಾಥಿಕ್ ರಕ್ಷಣಾಪಂಕ್ತಿಯು ಇದರ ದಕ್ಷಿಣಕ್ಕೆ ಕಡಲನ್ನು ಮುಟ್ಟುತ್ತಿದ್ದಿತು. ಆಕಾಶದಿಂದಲೂ ಸಮುದ್ರದಿಂದಲೂ ನೆಲದಿಂದಲೂ ಬಂದ ಗುಂಡುಗಳಿಗೆ ಪಟ್ಟಣವು ತಿಂಗಳುಗಟ್ಟಲೆ ಗುರಿಯಾಯಿತು. ಜನರು ಮನೆಗಳನ್ನು ತೊರೆದು ಹಳ್ಳಿಗಳಿಗೂ, ಹತ್ತಿರದ ಬೆಟ್ಟದ ಮೇಲಿರುವ ಸಾನ್ ಮರೀನೊ ಎಂಬ ಪುಟ್ಟ ಗಣರಾಜ್ಯಕ್ಕೂ ಓಡಿದರು. ಯುದ್ಧದಲ್ಲಿ ತಟಸ್ಥವಾಗಿದ್ದ ಆ ರಾಜ್ಯದ ಪ್ರಜೆಗಳು ಸುಮಾರು 15,000. ಅವರು ಆಶ್ರಯವಿತ್ತದ್ದು ಸುಮಾರು 1,00,000 ಮಂದಿಗೆ. ರಿಮಿನಿಯಿಂದ ಅಲ್ಲಿಗೆ 1932ರಲ್ಲಿ ಹಾಕಿದ್ದ ರೈಲುದಾರಿಯ ಸುರಂಗಗಳೊಳಗೆ ಸಂಸಾರಗಳು ಹಾಸಿಗೆ ಪಾತ್ರೆಗಳೊಡನೆ ಬಿಡಾರ ಹೂಡಿದ್ದವು. 1944ರ ಆಗಸ್ಟ್ 16ರಂದು ಮೂವರು ತರುಣ ದೇಶಭಕ್ತರನ್ನು ಊರ ನಡುವಣ ಚೌಕದಲ್ಲಿ ಗಲ್ಲಿಗೇರಿಸಿದರು. ಅದುವರೆಗೆ ಜೂಲಿಯಸ್ ಸೀಸರನ ಹೆಸರಿದ್ದ ಆ ಚೌಕಕ್ಕೆ ಈಗ ಮೂವರು ಹುತಾತ್ಮರ ಚೌಕವೆಂದು ಹೆಸರು.

1944ರ ಸೆಪ್ಟೆಂಬರ್ 21ರಂದು ಗ್ರೀಕ್ ಪರ್ವತದಳವೂ, ಅದರೊಡನೆ ಕೆನಡಾ ಮತ್ತು ನ್ಯೂಜಿಲೆಂಡಿನ ಪಡೆಗಳೂ ಪಟ್ಟಣವನ್ನು ಹೊಕ್ಕವು. ಆ ದಿನಗಳಲ್ಲಿಯೇ ಸಾನ್ ಮರೀನೊ ಬೆಟ್ಟಗಳಲ್ಲಿ ಹೋರಾಡಿದವರು ನಾಲ್ಕನೆಯ ಭಾರತೀಯ ಡಿವಿಜನ್ನಿನ ಸೈನಿಕರು. ಅಲ್ಲಿ ಗಾಯಗೊಂಡ ಸಂಗಡಿಗರನ್ನು ಗುಂಡಿನ ಮಳೆಯಲ್ಲಿ ಹೊತ್ತು ತರುತ್ತಾ ಮಡಿದ ಶೇರ್ ಬಹದ್ದೂರ್ ಥಾಪಾ ಎಂಬ ಗೂರ್ಖಾ ಯೋಧನಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ರಿಮಿನಿಯಿಂದ ಸಾನ್ ಮರೀನೊಗೆ ಹೋಗುವ ದಾರಿಯಲ್ಲಿ ಗೂರ್ಖಾ ಯುದ್ಧಸ್ಮಶಾನವಿದೆ. ಅದರೊಳಗೆ, ತಮ್ಮ ಧರ್ಮದ ವಿಧಿಯಂತೆ ದಹನಸಂಸ್ಕಾರವನ್ನು ಪಡೆದ ಭಾರತೀಯ ಸೇನೆಯ ಯೋಧರ ಹೆಸರುಗಳನ್ನು ಕೆತ್ತಿದ ಸ್ಮಾರಕವೂ ಇದೆ. ನಮ್ಮ ಬೆಳಗಾವಿಯಲ್ಲಿ ಕೇಂದ್ರವನ್ನುಳ್ಳ ಮರಾಠಾ ಪದಾತಿದಳದ ಸೈನಿಕರೂ ಇಟಲಿಯ ಈ ಯುದ್ಧದಲ್ಲಿದ್ದರು; 1945ರ ಏಪ್ರಿಲ್ 9ರಂದು ಇದೇ ರೊಮಾನ್ಯಾ ಸೀಮೆಯ ಸೆನಿಯೊ ನದಿಯ ದಡದಲ್ಲಿ ಆ ದಳದ ನಾಮದೇವ ಜಾಧವನು ಅದೇ ಪದಕಕ್ಕೆ ಪಾತ್ರನಾದನು. ರಜೆಯ ಊರೆಂದು ನಾವು ಲಘುವಾಗಿ ನೆನೆಯುವ ಸ್ಥಳದ ಮಣ್ಣಿನಲ್ಲಿ ನಮ್ಮ ದೇಶದ ಮಕ್ಕಳ ಬೂದಿಯೂ ಬೆರೆತಿದೆ.

ಯುದ್ಧವು ಮುಗಿದಾಗ ರಿಮಿನಿಯಲ್ಲಿ ನೂರಕ್ಕೆ 80ರಷ್ಟು ಕಟ್ಟಡಗಳು ಬಿದ್ದಿದ್ದವು ಇಲ್ಲವೆ ಬಿರಿದಿದ್ದವು. ಸಿಗಿಸ್ಮೊಂಡೊ ಕಟ್ಟಿಸಿದ ದೇವಾಲಯಕ್ಕೆ ಬಾಂಬು ಬಿದ್ದು ಕಲ್ಲುಗಳು ಸ್ಥಾನಪಲ್ಲಟವಾಗಿದ್ದವು. ಅಮೆರಿಕದ ಕ್ರೆಸ್ ಪ್ರತಿಷ್ಠಾನದ ಸಹಾಯದಿಂದ ಅವುಗಳನ್ನು ಬಿಡಿಸಿ ಮರಳಿ ಜೋಡಿಸಬೇಕಾಯಿತು. ಟೈಬೀರಿಯಸನ ಸೇತುವೆ ಮಾತ್ರ ಉಳಿದಿದ್ದಿತು. ಈ ಭಗ್ನಾವಶೇಷದ ನಡುವೆ ನಿಂತ ಜನರಿಗೆ ಜೀವನೋಪಾಯವೇನಿದ್ದಿತು? ದೊಡ್ಡ ಕಾರ್ಖಾನೆಗಳಿಲ್ಲ, ಗಣಿಗಳಿಲ್ಲ. ಇದ್ದದ್ದು ಮರಳು, ನೀರು, ಬಿಸಿಲು. ಮತ್ತು ಅಡಿಗೆ ಬಲ್ಲ ಹೆಂಗಸರ ಕೈ.

ಮರಳಿನ ಊರು ಕಲ್ಲಿನ ಊರನ್ನು ಎತ್ತಿಹಿಡಿದದ್ದು ಈ ಘಟ್ಟದಲ್ಲಿ. ಬೆಸ್ತನೋ, ಮೇಸ್ತ್ರಿಯೋ, ಒಕ್ಕಲಿಗನೋ ಒಂದು ತುಂಡು ಜಾಗವನ್ನು ಕೊಂಡು, ಸಾಲ ಮಾಡಿ ಎರಡು ಕೋಣೆ ಕಟ್ಟುವನು. ಬೇಸಗೆ ಬಂದೊಡನೆ ಆ ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಮನೆಯವರೆಲ್ಲರೂ ನೆಲಮಾಳಿಗೆಯಲ್ಲಿಯೋ ಹಿತ್ತಲಿನ ಕೊಟ್ಟಿಗೆಯಲ್ಲಿಯೋ ಮಲಗುವರು. ಅಜ್ಜಿ ಹಿಟ್ಟು ನಾದುವಳು, ತಾಯಿ ಒಲೆಯ ಮುಂದೆ ನಿಲ್ಲುವಳು, ಮಗಳು ಬಡಿಸುವಳು, ಮಗನು ಸೂಟ್‌ಕೇಸುಗಳನ್ನು ಹೊರುವನು. ಆ ಸೀಮೆಯಲ್ಲಿ ಪಿಯಾದೀನಾ ಎಂಬ ತೆಳುವಾದ ಗೋಧಿಯ ರೊಟ್ಟಿಯನ್ನು ಹಂಚಿನ ಮೇಲೆ ಸುಡುವುದುಂಟು. ಬಡವರ ಮನೆಯ ಆ ರೊಟ್ಟಿಯೇ ಪರದೇಶದವರಿಗೆ ಪ್ರಿಯವಾದ ತಿಂಡಿಯಾಯಿತು. ಚಳಿಗಾಲದಲ್ಲಿ, ಗಳಿಸಿದ ಹಣದಿಂದ ಮತ್ತೆರಡು ಕೋಣೆ. ಹೀಗೆ ಪೆನ್ಸಿಯೋನೆ ಎಂದು ಕರೆಯುವ ಕುಟುಂಬದ ವಸತಿಗೃಹಗಳು ನೂರಾರು ಹುಟ್ಟಿದವು.

ದಡದಲ್ಲಿಯೂ ಇದೇ ಬಗೆ. ಮರಳು ಸರ್ಕಾರದ ಸ್ವತ್ತು; ಅದರ ಒಂದೊಂದು ತುಂಡಿಗೆ ಅನುಜ್ಞೆಯನ್ನು ಪಡೆದವನನ್ನು ಬಞ್ಞೀನೊ ಎನ್ನುವರು. ಅವರಲ್ಲಿ ಅನೇಕರು ಬೆಸ್ತರ ಮನೆತನದವರು. ನಸುಕಿನಲ್ಲಿಯೇ ಎದ್ದು ಮರಳನ್ನು ಹರಗಿ ಹಸನುಮಾಡುವುದು, ಕೊಡೆಗಳನ್ನು ಬಿಡಿಸುವುದು, ಜೋಡಿ ಮರದ ತೇಲುಗಳ ಮೇಲೆ ಕುಳಿತು ಹುಟ್ಟುಹಾಕುವ ಪುಟ್ಟ ದೋಣಿಯಲ್ಲಿ ಹೋಗಿ ಮುಳುಗುವವರನ್ನು ಎತ್ತಿತರುವುದು ಆತನ ಕೆಲಸ. ಕಡಲನ್ನು ಕಸುಬಾಗಿ ಬಲ್ಲವರ ಮಕ್ಕಳು ಕಡಲನ್ನು ಆಟವಾಗಿ ಕಾಣಬಂದವರನ್ನು ಕಾಯಬೇಕಾಯಿತು.

ಬಂದ ಅತಿಥಿಗಳು ಯಾರು? 1950ರ ದಶಕದಿಂದ ಮುಂದೆ ಇಟಲಿಯವರೊಡನೆ ದೊಡ್ಡ ಸಂಖ್ಯೆಯಲ್ಲಿ ಬಂದವರು ಜರ್ಮನರು. ಹತ್ತು ವರ್ಷಗಳ ಹಿಂದೆ ಇದೇ ಬೀದಿಗಳಲ್ಲಿ ಬಂದೂಕು ಹಿಡಿದು ನಡೆದಿದ್ದ ದೇಶದವರು ಈಗ ಹೆಂಡಿರು ಮಕ್ಕಳೊಡನೆ, ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಮಗನನ್ನು ಕಳೆದುಕೊಂಡ ಮನೆಗಳಲ್ಲಿಯೂ ಅವರಿಗೆ ಊಟವನ್ನು ಬಡಿಸಿದರು. ಇದನ್ನು ಕ್ಷಮೆಯೆಂದು ಹೊಗಳುವವರುಂಟು, ಹಣದ ಆಸೆಯೆಂದು ತೆಗಳುವವರೂ ಉಂಟು. ನಮಗೆ ತೋರುವುದಾದರೋ ಇಷ್ಟು: ಒಂದೇ ಮೇಜಿನಲ್ಲಿ ಹತ್ತು ಬೇಸಗೆಗಳು ಉಂಡವರು ಒಬ್ಬರನ್ನೊಬ್ಬರು ಶತ್ರುಗಳೆಂದು ಕರೆಯುವುದು ಕಷ್ಟ. ರಾಯಭಾರಿಗಳ ಒಪ್ಪಂದಗಳಿಂದ ಆಗದಿದ್ದ ಕೆಲಸದಲ್ಲಿ ಸ್ವಲ್ಪ ಭಾಗವನ್ನಾದರೂ ಸಾರಿನ ಬಟ್ಟಲು ಮಾಡಿರಬೇಕು. 1961ರಲ್ಲಿ ಇಟಲಿಯ ಸರ್ಕಾರವು ಯುದ್ಧದಲ್ಲಿ ಪಟ್ಟ ಪಾಡಿಗಾಗಿಯೂ, ಮತ್ತೆ ಎದ್ದುನಿಂತ ಧೈರ್ಯಕ್ಕಾಗಿಯೂ ಈ ಪಟ್ಟಣಕ್ಕೆ ಪೌರಶೌರ್ಯದ ಸುವರ್ಣಪದಕವನ್ನಿತ್ತಿತು.

ಆದರೆ ವೇಗವಾಗಿ ಕಟ್ಟುವವರು ಕೆಡಹುವುದರಲ್ಲಿಯೂ ವೇಗಿಗಳು. ಯುದ್ಧದ ತರುವಾಯ ಹಳೆಯ ಕುರ್ಸಾಲನ್ನು ಪೌರರೇ ಕೆಡಹಿದರು. ಸಾಲುಬಂಗಲೆಗಳು ಹೋಗಿ ಸಿಮೆಂಟಿನ ಹೋಟೆಲುಗಳು ಬಂದವು. ಊರಿನ ಹಿಂದಣ ರೂಪವು ಊರಿನಲ್ಲಿಯೇ ಇಲ್ಲದಾಯಿತು. ಅದನ್ನು ಉಳಿಸಿಕೊಟ್ಟವನು ಚಲಚ್ಚಿತ್ರಕಾರನಾದ ಫೆಡೆರಿಕೊ ಫೆಲಿನಿ. 1920ರ ಜನವರಿ 20ರಂದು ರಿಮಿನಿಯಲ್ಲಿ ಜನಿಸಿ, 1939ರಲ್ಲಿ ರೋಮಿಗೆ ಹೊರಟುಹೋದ ಆತನು 1973ರಲ್ಲಿ ‘ಅಮಾರ್ಕೊರ್ದ್’ ಎಂಬ ಚಿತ್ರವನ್ನು ರಚಿಸಿದನು. ಆ ಹೆಸರಿಗೆ ಅಲ್ಲಿಯ ಆಡುನುಡಿಯಲ್ಲಿ ‘ನನಗೆ ನೆನಪಿದೆ’ ಎಂದು ಅರ್ಥ. ತನ್ನ ಬಾಲ್ಯದ ಊರು, ಗ್ರಾಂಡ್ ಹೋಟೆಲು, ಚೌಕ, ಕಡಲು ಎಲ್ಲವೂ ಅದರಲ್ಲಿವೆ. ಆದರೆ ಆ ಊರನ್ನು ಆತನು ರೋಮಿನ ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಿಸಿದ್ದನು. ಚಿತ್ರದ ಸಮುದ್ರವನ್ನೂ ಪ್ಲಾಸ್ಟಿಕ್ಕಿನ ಹಾಳೆಗಳಿಂದ ಮಾಡಿಸಿದ್ದನು. ನಿಜವಾದ ರಿಮಿನಿಗೆ ಹೋದರೆ ನೆನಪಿನ ರಿಮಿನಿ ಸಿಗುವಂತಿರಲಿಲ್ಲ. 1993ರಲ್ಲಿ ಮಡಿದ ಆತನ ಸಮಾಧಿ ಈ ಊರಿನಲ್ಲಿಯೇ ಇದೆ. 2021ರಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯವು ತೆರೆದಿದೆ.

ಎರಡನೆಯ ಎಚ್ಚರಿಕೆಯನ್ನು ಕೊಟ್ಟದ್ದು ಸಮುದ್ರವೇ. 1989ರ ಬೇಸಗೆಯಲ್ಲಿ ಏಡ್ರಿಯಾಟಿಕ್ಕಿನ ಮೇಲೆ ಕಂದುಬಣ್ಣದ ಲೋಳೆಯ ಪದರಗಳು ತೇಲಿಬಂದು ದಡವನ್ನು ಕವಿದವು. ಅದು ವಿಷವಲ್ಲ, ಕಣ್ಣಿಗೆ ಕಾಣದ ಪಾಚಿಜಾತಿಯ ಜೀವಿಗಳು ಸ್ರವಿಸುವ ಅಂಟು. ಇಂತಹ ಲೋಳೆ ಹಿಂದಿನ ಶತಮಾನಗಳಲ್ಲಿಯೂ ಕಾಣಿಸಿಕೊಂಡದ್ದುಂಟು. ಆದರೂ ಪೋ ನದಿಯು ಬಯಲುಸೀಮೆಯ ಗೊಬ್ಬರವನ್ನೂ ನಗರಗಳ ಕೊಳೆಯನ್ನೂ ತಂದು ಈ ಆಳವಿಲ್ಲದ ಸಮುದ್ರಕ್ಕೆ ಸುರಿಯುತ್ತಿದ್ದುದು ಎಲ್ಲರ ಗಮನಕ್ಕೆ ಬಂದಿತು. ಅತಿಥಿಗಳು ಬೆನ್ನು ತಿರುಗಿಸಿದರು, ಕೋಣೆಗಳು ಬರಿದಾದವು. ನೀರನ್ನು ನಂಬಿದ ಊರು ನೀರನ್ನು ಕಾಯದಿದ್ದರೆ ಏನಾಗುವುದೆಂಬುದು ಒಂದೇ ಬೇಸಗೆಯಲ್ಲಿ ಮನವರಿಕೆಯಾಯಿತು. ಮನವರಿಕೆಯಾದುದನ್ನು ಕಾರ್ಯಕ್ಕೆ ತರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ಜೋರುಮಳೆ ಬಂದಾಗಲೆಲ್ಲ ಊರಿನ ಚರಂಡಿಗಳ ನೀರು ಸಮುದ್ರಕ್ಕೇ ಹರಿದು, ಸ್ನಾನವನ್ನು ನಿಷೇಧಿಸಬೇಕಾಗುತ್ತಿದ್ದಿತು. 2013ರಲ್ಲಿ ಪೌರಸಭೆಯು ದೊಡ್ಡದೊಂದು ಯೋಜನೆಯನ್ನು ಕೈಗೊಂಡು, ಮಳೆನೀರಿಗೂ ಕೊಳೆನೀರಿಗೂ ಬೇರೆಬೇರೆ ಕಾಲುವೆಗಳನ್ನು ಹಾಕಿ, ನೆಲದಡಿಯಲ್ಲಿ ಭಾರಿ ತೊಟ್ಟಿಗಳನ್ನು ಕಟ್ಟಿಸತೊಡಗಿತು. ಕಣ್ಣಿಗೆ ಕಾಣದ ಕೆಲಸವಿದು. ಇದಕ್ಕೆ ಕಮಾನುಗಳಿಲ್ಲ, ಶಾಸನಗಳಿಲ್ಲ. ಆದರೂ ಅಗಸ್ಟಸನ ಕಮಾನಿಗಿಂತ ಇದು ಊರಿಗೆ ಕಡಮೆ ಉಪಕಾರವನ್ನು ಮಾಡಿಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಈಗ ಮರಳುವೆವು. ವಿನೋದದ ಊರಿಗೆ ಚರಿತ್ರೆಯುಂಟೆ? ಸೀಸರನ ಹೆಜ್ಜೆ, ಸಿಗಿಸ್ಮೊಂಡೊವಿನ ಅಮೃತಶಿಲೆ ಇವುಗಳೇ ಚರಿತ್ರೆಯೆಂದು ಶಾಲೆಯ ಪುಸ್ತಕಗಳು ನಮಗೆ ಕಲಿಸಿವೆ. ಆದರೆ ರೋಗಿಯ ಮಕ್ಕಳನ್ನು ಕಡಲಿಗೆ ಕರೆತಂದ ವೈದ್ಯನೂ, ಸುರಂಗದಿಂದ ಹೊರಬಂದು ತನ್ನ ಹಾಸಿಗೆಯನ್ನೇ ಅಪರಿಚಿತನಿಗೆ ಬಿಟ್ಟುಕೊಟ್ಟು ಕೊಟ್ಟಿಗೆಯಲ್ಲಿ ಮಲಗಿದ ಗೃಹಿಣಿಯೂ ಅದೇ ಚರಿತ್ರೆಯೊಳಗೆ ಸೇರಬೇಕಾದವರು. ಅವಳ ಹೆಸರು ಯಾವ ಶಿಲೆಯಲ್ಲಿಯೂ ಇಲ್ಲ. ಬಿದ್ದ ದೇವಾಲಯದ ಸುತ್ತ ಮತ್ತೆ ಊರೊಂದು ಇದ್ದದ್ದು, ಅದರ ಗಂಟೆಯನ್ನು ಕೇಳುವವರು ಉಳಿದದ್ದು ಅವಳ ದುಡಿಮೆಯಿಂದ. ಬೇಸಗೆ ಮುಗಿದು ಕೊಡೆಗಳನ್ನು ಮಡಿಸಿದ ಮೇಲೆ, ಸೆಪ್ಟೆಂಬರಿನ ಕಡೆಯಲ್ಲಿ ರಿಮಿನಿಯ ಮರಳುದಂಡೆ ಮತ್ತೆ ಬರಿದಾಗುತ್ತದೆ; ಅಲ್ಲಿ ನಿಂತು ಹಿಂತಿರುಗಿ ನೋಡಿದರೆ ಹೋಟೆಲುಗಳ ಆಚೆ ಹಳೆಯ ಊರಿನ ಗೋಪುರಗಳು ಕಾಣುವುವು. ಎರಡು ಊರುಗಳನ್ನೂ ಒಟ್ಟಿಗೆ ನೋಡಬಲ್ಲವರಿಗೆ ರಿಮಿನಿಯ ವೃತ್ತಾಂತವು ಪೂರ್ಣವಾಗುವುದು.